ಕಂಪ್ಯೂಟ್ರಿಗೆ ಗೋದಾಮು ಕಲಿಸಿದ್ದು

ದಾವಣಗೆರೆ ಮಂಡಿಪೇಟ್ಯಾಗೆ ಬೆಳಿಗ್ಗೆ ಬಾಗ್ಲು ತೆಗೆದ್ರೆ ಸಾಮಾನಿಗಿಂತ ಮುಂಚೆ ಒಂದು ತಮಾಷೆ ಬಂದು ಇಳೀತೈತೆ. ಅದಕ್ಕೆ ಲಾರಿ ಬ್ಯಾಡ, ಹಮಾಲಿ ಬ್ಯಾಡ, ತಾನೇ ನಡ್ಕೊಂಡು ಬರ್ತೈತೆ. ನಾನು ಹುಡುಕ್ಕೊಂಡು ಹೋದವನಲ್ಲ. ಕಂಡಿದ್ದು ಹೇಳ್ತೀನಿ, ನಗೋದು ಬಿಡೋದು ನಿಮಗೆ ಬಿಟ್ಟಿದ್ದು.

ನಾನು ಒಂದೇ ಸಗಟು ಅಂಗ್ಡ್ಯಾಗೆ ನಲವತ್ತು ವರ್ಷದಿಂದ ಗೋದಾಮು ಮೇಸ್ತ್ರಿ. ಬಿಸ್ಕೀಟು, ಶಾವಿಗಿ, ಸೋಪು, ಚಾಪುಡಿ, ಎಲ್ಲಾ ನಮ್ಮಲ್ಲಿಂದ್ಲೇ ಊರೂರಿನ ಕಿರಾಣಿ ಅಂಗ್ಡಿಗೆ ಹೋಗೋದು. ಮೂರನೇ ಇಯತ್ತೆ ತನಕ ಸಾಲಿಗೆ ಹೋಗಿದ್ದೆ. ಆಮ್ಯಾಲೆ ಮಾಸ್ತರ ಹತ್ರ ಹೇಳಿಕೊಡಾಕೆ ಏನೂ ಉಳೀಲಿಲ್ಲ ಅನ್ನಿಸ್ತು, ಬಿಟ್ಟೆ. ಕಣ್ಣು ಕಟ್ಟಿ ಗೋದಾಮಿನಾಗೆ ಬಿಟ್ರೂ ಯಾವ ಡಬ್ಬಿ ಎಲ್ಲೈತೆ ಅಂತ ವಾಸ್ನೆ ಮ್ಯಾಲೆ ಹೇಳ್ತೀನಿ. ಸೋಪು ಎಲ್ಲೈತೆ ಅಂತ ಯಾರಾದ್ರೂ ಹೇಳ್ತಾರೆ. ಶಾವಿಗಿ ಹೇಳಾಕೆ ನಾನೇ ಬೇಕು.

ದೊಡ್ಡ ಸಾವ್ಕಾರ್ರು ತೀರಿಕೊಂಡ ಮ್ಯಾಲೆ ಅವ್ರ ಮಗ, ಸಣ್ಣ ಸಾವ್ಕಾರ, ಎಂಬಿಎ ಓದಿ ಬಂದು ಗಾದಿ ಮ್ಯಾಲೆ ಕುಂತ. ಹರಿಹರದಾಗೆ ಇನ್ನೊಂದು ಗೋದಾಮು ತೆಗ್ದ. ಒಂದಿನ ನನ್ನ ಕರೆದು ಅಂದ:

'ಮೇಸ್ತ್ರಿ, ಒಂದು ವ್ಯವಹಾರ ಒಬ್ಬನ ತಲ್ಯಾಗೆ ಇರಬಾರ್ದು. ಸಿಸ್ಟಮಿನಾಗೆ ಇರ್ಬೇಕು.'

'ಯಾರ ತಲ್ಯಾಗೈತ್ರಿ ಈಗ?'

'ನಿನ್ನ ತಲ್ಯಾಗೆ.'

ಹೊಗಳಿದ ಅಂತ ನಾನು ಮೀಸೆ ಸವರಿಕೊಂಡೆ. ಹೊಗಳಿಕೆ ಅಲ್ಲ ಅದು. ಮುಂಬೈನ ಒಂದು ದೊಡ್ಡ ಬಿಸ್ಕೀಟು ಕಂಪ್ನಿ ಏಜೆನ್ಸಿ ಕೊಡಾಕೆ ನೋಡ್ತಿತ್ತಂತೆ. ಆರು ತಿಂಗ್ಳು ಬಿಟ್ಟು ಅವ್ರ ಆಫೀಸರ್ರು ಬಂದು ಪರೀಕ್ಷೆ ಮಾಡ್ತಾರಂತೆ. ಅವ್ರು ಕೇಳಿದ ಸಾಮಾನೆಲ್ಲ ಕಂಪ್ಯೂಟ್ರೇ ಹುಡುಕಿ ಕೊಡ್ಬೇಕಂತೆ.

'ಅವತ್ತು ನೀ ಬಾಯಿ ಬಿಡಂಗಿಲ್ಲ. ನಿನ್ನ ಕೇಳ್ದೆ ಗೋದಾಮು ನಡೀತು ಅಂದ್ರೆ ಮಾರನೇ ದಿನ ಕೀಲಿಗೊಂಚಲು ಮೇಜಿನ ಮ್ಯಾಲಿಟ್ಟು ಮನ್ಯಾಗೆ ಆರಾಮಿರು.'

'ಮನ್ಯಾಗೆ ಆರಾಮು ಇರ್ತೈತೆ ಅಂತ ನಿಮಗೆ ಯಾರು ಹೇಳಿದ್ರಿ?' ಅಂದೆ. ಅವ ನಗಲಿಲ್ಲ. ನನ್ನ ಹೆಂಡ್ತಿನ ಅವ ನೋಡಿಲ್ಲ.

ಇಷ್ಟೇ ವಿಷ್ಯ. ನಲವತ್ತು ವರ್ಷ ನನ್ನ ಸೊಂಟದಾಗಿದ್ದ ಕೀಲಿಗೊಂಚಲು ಹೋಗ್ತೈತೋ ಉಳಿತೈತೋ ಅನ್ನೋದು. ಆ ಆರು ತಿಂಗ್ಳಾಗೆ ಆದವು ಇವು.

ಗೋಡೆ ಮ್ಯಾಲಿನ ಚೌಕ

ಕಂಪ್ಯೂಟ್ರು ಕೂಡ್ಸಾಕೆ ಹರಿಹರದಿಂದ ಒಬ್ಬ ಮೇಡಮ್ಮ ದಿನಾ ಬಸ್ಸಿಗೆ ಬರ್ತಿದ್ಲು. ಚುರುಕು ಹೆಣ್ಮಗಳು. ಬಂದ ಮೊದಲ್ನೇ ದಿನ ಕಂಪ್ಯೂಟ್ರು ಮುಟ್ಟಲೇ ಇಲ್ಲ. ಒಂದು ದೊಡ್ಡ ಕಾಗದ ಗೋಡೆಗೆ ಅಂಟಿಸಿ ಚೌಕ ಚೌಕ ಬರೆದ್ಲು. ಮ್ಯಾಲಿನ ಚೌಕದಾಗೆ ಸಣ್ಣ ಸಾವ್ಕಾರ, ಎಂ.ಡಿ. ಅಂತ. ಅವ್ನ ಕೆಳಗೆ ಖರೀದಿ, ಮಾರಾಟ, ಲೆಕ್ಕಪತ್ರ. ಅವುಗಳ ಕೆಳಗೆ, ಕಸಬರಿಗಿ ಬಡಿಯೋ ಜಾಗದಾಗೆ, ಗೋದಾಮು. ಅದು ನಾನು.

'ಇದೇನಮ್ಮ?' ಅಂದೆ.

'ಯಾರು ಯಾರಿಗೆ ಉತ್ತರ ಕೊಡ್ಬೇಕು ಅನ್ನೋ ನಕ್ಷೆ ಅಜ್ಜಾರೆ. ಇದು ಸರಿ ಇದ್ರೆ ಕಂಪ್ಯೂಟ್ರು ಸರಿ ಇರ್ತೈತೆ.'

'ಇದು ಸರಿ ಇಲ್ಲ.'

'ನಿಮ್ಮ ಚೌಕ ಮ್ಯಾಲೆ ಬರಿಬೇಕಿತ್ತೇನು?'

'ನಂದು ಬಿಡ್ರಿ. ಮ್ಯಾಲಿಂದೇ ಸರಿ ಇಲ್ಲ.'

ಆಯಮ್ಮ ನನ್ನ ಮಾತು ನಂಬಲಿಲ್ಲ. ಹಮಾಲ್ರನ್ನ ಒಬ್ಬೊಬ್ಬರನ್ನೇ ಕರೆದು ಕೇಳಿದ್ಲು, ನೀವು ಯಾರಿಗೆ ಉತ್ತರ ಕೊಡ್ತೀರಿ ಅಂತ. ಮೊದಲ್ನೇಯವ 'ಅಮ್ಮಾರಿಗೆ' ಅಂದ. ಎರಡ್ನೇಯವ 'ಅಮ್ಮಾರಿಗೆ' ಅಂದ. ಲೆಕ್ಕಪತ್ರದ ಗುಮಾಸ್ತ ಪೆನ್ನು ಕಿವ್ಯಾಗೆ ಸಿಗಿಸ್ಕೊಂಡು ಬಂದು ಅವನೂ 'ಅಮ್ಮಾರಿಗೆ' ಅಂದ.

ಅಮ್ಮಾರು ಅಂದ್ರೆ ಸಣ್ಣ ಸಾವ್ಕಾರನ ತಾಯಿ. ಎಸ್.ಎಸ್. ಬಡಾವಣೆ ಮನಿ ಬಿಟ್ಟು ಹೊರಗೆ ಬರೋದು ಕಮ್ಮಿ. ಆದ್ರೆ ಬೆಳಿಗ್ಗೆ ಪೂಜೆ ಮುಗಿಸಿ ಅಂಗ್ಡಿಗೆ ಫೋನು ಹಚ್ಚಿದ್ರು ಅಂದ್ರೆ ಯಾವ ಲಾರಿ ಎಲ್ಲಿಗೆ, ಯಾರಿಗೆ ರಜ, ಯಾರ ಮಗಳ ಮದ್ವಿಗೆ ಎಷ್ಟು ಬಿಸ್ಕೀಟು, ಎಲ್ಲಾ ಅಲ್ಲೇ ತೀರ್ಮಾನ.

ಸಣ್ಣ ಸಾವ್ಕಾರನ ಮುಖ ಕೆಂಪಗಾತು. 'ಮೇಡಂ, ಇವ್ರಿಗೆ ತಿಳಿವಳಿಕೆ ಇಲ್ಲ. ಈ ಕಂಪನಿ ನಡೆಸೋನು ನಾನು. ಎಂ.ಡಿ. ನಾನು.'

ಆಗ ಫೋನು ಬಂತು. ಎತ್ತಿದ.

'ಹೂಂ ಅವ್ವಾ. ಆತವ್ವಾ. ಇಲ್ಲವ್ವಾ, ಹಂಗೇ ಮಾಡ್ತೀನಿ. ಉಂಡಿದ್ದೀನಿ ಅವ್ವಾ.'

ಮೇಡಮ್ಮ ಪೆನ್ಸಿಲ್ಲು ತಗೊಂಡು ಎಂ.ಡಿ. ಚೌಕದ ಮ್ಯಾಲೆ ಇನ್ನೊಂದು ಚೌಕ ಬರೆಯಾಕೆ ನೋಡಿದ್ಲು. ಮ್ಯಾಲೆ ಕಾಗದ ಮುಗಿದಿತ್ತು. ಗೋಡೆ ಮ್ಯಾಲೇ ಬರೆದ್ಲು.

ಎರಡು ದಿನ ಬಿಟ್ಟು ಅಮ್ಮಾರು ಕಾರಿನಾಗೆ ಬಂದ್ರು, ಮಗ ಏನು ಹೊಸದು ಮಾಡ್ಯಾನೆ ನೋಡಾಕೆ. ನಕ್ಷೆ ಮುಂದೆ ನಿಂತು ಕನ್ನಡಕ ಹಾಕ್ಕೊಂಡು ಮ್ಯಾಲಿಂದ ಕೆಳಗೆ ನೋಡಿದ್ರು. ಅಂದ್ರು:

'ನೀವೆಲ್ಲ ಕಾಗದದ ಮ್ಯಾಲೆ ಇದ್ದೀರಿ, ನಾನು ಗೋಡೆ ಮ್ಯಾಲೆ ಇದ್ದೀನಿ. ಫ್ಯಾನು ಜೋರು ಮಾಡ್ರಿ, ಯಾರು ಉಳಿತಾರೆ ನೋಡಣ.'

ಕಂಪ್ನಿ ಬೆಳ್ಳು

ಆಮ್ಯಾಲೆ ಬಾಗ್ಲಾಗೆ ಹಾಜರಿ ಮಷೀನು ಕೂಡ್ಸಿದ್ರು. ಹೆಬ್ಬೆಟ್ಟು ಇಡ್ಬೇಕು, ಅದು ಗುರ್ತು ಹಿಡೀಬೇಕು. ಹಿಡೀತು ಅಂದ್ರೆ ಹಾಜರಿ, ಇಲ್ಲಾಂದ್ರೆ ನೀನು ಬಂದಿಲ್ಲ. ಎದುರಿಗೆ ನಿಂತಿದ್ರೂ ಬಂದಿಲ್ಲ.

ಬರೆಯೋರ ಹೆಬ್ಬೆಟ್ಟು ಗುಲಾಬಿ ಹೂವಿನಂಗೆ ಇರ್ತಾವೆ, ತಕ್ಷಣ ಹಿಡೀತು. ಹಮಾಲ್ರದು ಹಂಗಲ್ಲ. ಇಪ್ಪತ್ತು ಮೂವತ್ತು ವರ್ಷ ಗೋಣಿಚೀಲ ಹಿಡಿದು ಹಿಡಿದು ಬೆಳ್ಳೆಲ್ಲ ನದಿ ಕಲ್ಲಿನಂಗೆ ನುಣ್ಣಗಾಗ್ಯಾವೆ. ಗೀಟೇ ಇಲ್ಲ. ಮಷೀನಿನ ಒಳಗಿಂದ ಒಂದು ಹೆಂಗಸು 'ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ' ಅನ್ನೋಳು. ನಮ್ಮ ಹಮಾಲ್ರ ಪೈಕಿ ಹಿರಿಯವ ಒಬ್ಬ ಇದ್ದ, ಎಮ್ಮೆಯಂಥ ಗಟ್ಟಿ ಮನುಷ್ಯ. ಅವ 'ಆತಮ್ಮ, ಆತಮ್ಮ' ಅಂತ ಹದಿನೈದು ಸಲ ಪ್ರಯತ್ನಿಸಿದ.

ಮೇಡಮ್ಮ ಅಂದ್ಲು, 'ಬ್ಯಾರೆ ಬೆಳ್ಳು ಇಡ್ರಿ.' ಇಟ್ಟ. ಬಲಗೈದು ಐದೂ ಇಲ್ಲ. ಎಡಗೈದು ಒಂದೊಂದೇ ಇಡ್ತಾ ಹೋದ. ಕಡೀಗೆ ಎಡಗೈ ಕಿರುಬೆಳ್ಳು ಇಟ್ಟಾಗ ಹಸಿರು ದೀಪ ಹತ್ತಿ 'ಧನ್ಯವಾದಗಳು' ಅಂತು. ಗೋದಾಮೆಲ್ಲ ಕೇಕೆ.

ಮಾರನೇ ದಿನ ಲಾರಿ ಬಂದು ನಿಂತೈತೆ, ಎಲ್ಲಾರೂ ಡಬ್ಬಿ ಇಳಿಸಾಕ್ಹತ್ಯಾರೆ, ಇವ ಮಾತ್ರ ಕಂಬಕ್ಕೆ ಒರಗಿ ನಿಂತಾನೆ. ಎಡಗೈ ಕಿರುಬೆಳ್ಳಿಗೆ ಬಿಳಿ ಅರಿವೆ ಸುತ್ತಿ ದಾರ ಕಟ್ಯಾನೆ.

'ಏನಾತಲೇ, ಜಜ್ಜಿಕೊಂಡ್ಯೇನು?'

'ಇಲ್ಲ ಮೇಸ್ತ್ರಿ.'

'ಮತ್ತೆ ಎತ್ತಲೇ ಡಬ್ಬಿ!'

'ಹೆಂಗೆ ಎತ್ಲಿ ಮೇಸ್ತ್ರಿ? ಮನ್ಯಾಗೆ ಏಳು ಜನ ಉಣ್ಣೋದು ಇದೊಂದು ಬೆಳ್ಳಿನ ಮ್ಯಾಲೆ. ಇದೂ ಸವೀತು ಅಂದ್ರೆ ನಾಳೆ ನಾನು ಬಂದ್ರೂ ಬಂದಂಗಲ್ಲ. ಉಳಿದ ಒಂಬತ್ತು ನಿಮ್ಮವು, ಏನರೆ ಮಾಡ್ಕೊಳ್ರಿ. ಇದು ಕಂಪ್ನೀದು.'

ಉದ್ದ ಗೀಟು, ಅಡ್ಡ ಗೀಟು

ಮೇಡಮ್ಮ ಮೂರು ವಾರ ಕುಂತು ಗೋದಾಮಿನ ಒಂದೊಂದು ಡಬ್ಬಿಗೂ ಒಂದು ಚೀಟಿ ಅಂಟಿಸಿದ್ಲು. ಚೀಟಿ ತುಂಬ ಕಪ್ಪು ಉದ್ದ ಗೀಟು. ಒಂದು ಬಂದೂಕಿನಂಥಾದ್ದು ಐತೆ, ಅದನ್ನ ಗೀಟಿನ ಮುಂದೆ ಹಿಡಿದ್ರೆ 'ಟೀಂವ್' ಅಂತೈತೆ, ಡಬ್ಬಿ ಜಾತಕ ಎಲ್ಲಾ ಕಂಪ್ಯೂಟ್ರಿನಾಗೆ ಬರ್ತೈತೆ. ಇನ್ನು ಮ್ಯಾಲೆ ಮೇಸ್ತ್ರಿ ನೆನಪು ಬ್ಯಾಡ, ಚೀಟಿ ಸಾಕು ಅಂತ ಸಣ್ಣ ಸಾವ್ಕಾರ ನನ್ನ ಮುಂದೇ ಅಂದ.

ಅವತ್ತಿನಿಂದ ನಾಕನೇ ದಿನಕ್ಕೆ ಅಮಾಸೆ. ಅಮಾಸೆ ಪೂಜೆ ಗೋದಾಮಿನಾಗೆ ನಂದೇ ಉಸ್ತುವಾರಿ. ತಕ್ಕಡಿಗೆ, ಕೈಗಾಡಿಗೆ, ಬಾಗ್ಲಿಗೆ, ಸಾಮಾನಿಗೆ ಎಲ್ಲದಕ್ಕೂ ಇಬತ್ತಿ ಆಗ್ಬೇಕು. ಬಕೀಟಿನಾಗೆ ಇಬತ್ತಿ ಕಲಸಿಕೊಟ್ಟು ಹಮಾಲ್ರಿಗೆ ಹೇಳಿದೆ: 'ಹೊಸ ವ್ಯವಸ್ಥೆ ಶುರು ಆಗೈತೆ, ಒಂದು ಡಬ್ಬಿನೂ ಬಿಡಬ್ಯಾಡ್ರಿ.' ಬಿಡಲಿಲ್ಲ. ಮೂರು ಬೆಳ್ಳು ಅದ್ದಿ ಎಳೆದ್ರು ನೋಡ್ರಿ, ಗೋದಾಮೆಲ್ಲ ಮಠದಂಗೆ ಕಾಣ್ತಿತ್ತು.

ಮಾರನೇ ದಿನ ಮೇಡಮ್ಮ ಬಂದೂಕು ಹಿಡಿದ್ಲು. ಸದ್ದಿಲ್ಲ. ಇನ್ನೊಂದು ಡಬ್ಬಿ. ಸದ್ದಿಲ್ಲ. ಹತ್ರ ಹೋಗಿ ನೋಡಿದ್ಲು. ಆಯಮ್ಮನ ಉದ್ದ ಗೀಟಿನ ಮ್ಯಾಲೆ ನಮ್ಮ ಅಡ್ಡ ಗೀಟು ಮೂರು.

'ಅಜ್ಜಾರೆ! ಇದೇನ್ ಮಾಡೀರಿ?'

'ಪೂಜೆ.'

'ಪೂಜೆ ಸರಿ, ಚೀಟಿ ಮ್ಯಾಲೆ ಯಾಕ್ರಿ?'

'ನೀವು ಚೀಟಿ ಹಚ್ಚಿದ್ದು ಎಲ್ಲಿಗೆ? ಡಬ್ಬಿ ಮುಂದೆ, ಮ್ಯಾಲೆ, ನಟ್ಟ ನಡುವೆ. ಅದು ಡಬ್ಬಿ ಹಣೆ. ಇಬತ್ತಿ ಹಣೆಗೆ ಹಚ್ದೆ ಬೆನ್ನಿಗೆ ಹಚ್ತಾರೇನಮ್ಮ?'

ಆಯಮ್ಮನ ಹಣೆ ಮ್ಯಾಲೂ ಸಣ್ಣಗೆ ಇಬತ್ತಿ ಇತ್ತು. ಅರಿವೆ ಒದ್ದಿ ಮಾಡ್ಕೊಂಡು ಒಂದೊಂದೇ ಒರೆಸಾಕೆ ಕುಂತ್ಲು. ಹತ್ತು ಡಬ್ಬಿ ಒರೆಸಿ ಮತ್ತೆ ಬಂದೂಕು ಹಿಡಿದ್ಲು. ಆಗ್ಲೂ ಸದ್ದಿಲ್ಲ. ಬೆಂಗಳೂರಿನ ಕಂಪ್ಯೂಟ್ರು ಕಂಪ್ನಿಗೆ ಫೋನು ಹಚ್ಚಿದ್ಲು. ಅವ್ರು ಆಫ್ ಮಾಡಿ ಆನ್ ಮಾಡು ಅಂದ್ರು. ವೈರು ಬಿಚ್ಚಿ ಹಾಕು ಅಂದ್ರು. ಸಾಫ್ಟ್‌ವೇರು ತೆಗೆದು ಮತ್ತೆ ತುಂಬು ಅಂದ್ರು. ಮಧ್ಯಾಹ್ನ ಆತು. ಸಣ್ಣ ಸಾವ್ಕಾರ ಬೆವರು ಒರೆಸ್ಕೊತಾ ಅತ್ತ ಇತ್ತ ಓಡ್ಯಾಡಾಕ್ಹತ್ತಿದ.

ಊಟದ ಹೊತ್ತು ಮೀರ್ತೈತಲ್ಲ ಅಂತ ನಾನು ಎದ್ದು ಹೋಗಿ ಬಂದೂಕು ತಗೊಂಡು ಅದರ ಮೂತಿ ಗಾಜನ್ನ ಟವಲ್ಲಿನ ತುದಿಯಿಂದ ಒರೆಸಿ ಕೊಟ್ಟೆ. 'ಟೀಂವ್' ಅಂತು.

ಮೇಡಮ್ಮ ನನ್ನನ್ನ ದುರುಗುಟ್ಟಿ ನೋಡಿದ್ಲು. 'ಬಂದೂಕಿಗೂ ಹಚ್ಚಿದ್ರೇನು? ಬೆಳಿಗ್ಗೆಯಿಂದ ಯಾಕ ಹೇಳ್ಲಿಲ್ಲ?'

'ನೀವು ಕೇಳಿದ್ದು ಡಬ್ಬಿ ಬಗ್ಗೆ' ಅಂದೆ.

ಎದುರಂಗಡಿಯವ ಓದಿದ್ದು

ಇದು ಸಣ್ಣದು. ಕಂಪ್ಯೂಟ್ರು ದಿನಾ ಬೆಳಿಗ್ಗೆ ಒಂದು ರಿಪೋರ್ಟು ಹೊಡೀತಿತ್ತು. ಯಾವ ಸಾಮಾನು ಐತೆ, ಯಾವುದು ಮುಗಿದೈತೆ, ಯಾವುದು ತರಿಸ್ಬೇಕು, ಎಲ್ಲಾ ಅದರಾಗೆ. ಇಪ್ಪತ್ತು ಹಾಳಿ. ಸಣ್ಣ ಸಾವ್ಕಾರನ ಮೇಜಿನ ಮ್ಯಾಲೆ ಇಡ್ತಿದ್ರು. ಅವ ಅದರ ಮ್ಯಾಲೆ ಚಾ ಲೋಟ ಇಡ್ತಿದ್ದ. ಸಂಜೆ ಕಸ ಗುಡಿಸೋಳು ಹೊತ್ತೊಯ್ದು ರಸ್ತೆ ಮೂಲಿ ಮಿರ್ಚಿ ಗಾಡಿಯವಂಗೆ ಕೊಡೋಳು.

ಒಂದಿನ ಎದುರಂಗಡಿ ಸಾವ್ಕಾರ ಬಂದು ನನ್ನ ಹೆಗಲ ಮ್ಯಾಲೆ ಕೈ ಇಟ್ಟ. ಅವಂಗೂ ನಮಗೂ ಮೂವತ್ತು ವರ್ಷದ ಪೈಪೋಟಿ. 'ಮೇಸ್ತ್ರಿ, ನಿಮ್ಮಲ್ಲಿ ಶಾವಿಗಿ ಸೋಮವಾರ ಖಾಲಿ ಆಗ್ತೈತೆ. ನಾನು ಎರಡು ಲಾರಿ ತರಿಸೀನಿ. ನಿಮ್ಮ ಗಿರಾಕಿನೆಲ್ಲ ಇತ್ತ ಕಳಿಸ್ರಿ.'

'ನಿಮಗೆ ಯಾರು ಹೇಳಿದ್ರು?'

ಜೇಬಿನಿಂದ ಎಣ್ಣೆ ಹತ್ತಿದ ಹಾಳಿ ತೆಗ್ದ. 'ನಿಮ್ಮ ರಿಪೋರ್ಟು ಭಾಳ ಚಲೋ ಐತೆ. ಮಂಡಕ್ಕಿ ತಿನ್ನುತಾ ಓದ್ತೀನಿ. ನಿನ್ನೆ ಆರನೇ ಹಾಳಿ ಸಿಗಲಿಲ್ಲ, ಇನ್ನೊಂದು ಪ್ಲೇಟು ಮಿರ್ಚಿ ತಗೋಬೇಕಾತು.'

ಹೊಲ ಹೂಡಿದ ಲಾರಿ

ಲಾರಿಗೆ ಒಂದು ಸಣ್ಣ ಪೆಟ್ಟಿಗಿ ಹಚ್ಚಿದ್ರು. ಲಾರಿ ಎಲ್ಲೈತೆ ಅಂತ ಅದು ಕಂಪ್ಯೂಟ್ರಿಗೆ ಹೇಳ್ತೈತೆ. ಲಾರಿ ಗೇಟಿನ ಹತ್ರ ಬಂತು ಅಂತ ಪೆಟ್ಟಿಗಿ ಹೇಳಿದ್ರೆ ಮಾತ್ರ ಕಂಪ್ಯೂಟ್ರು ಸಾಮಾನು ಇಳಿಸ್ಕೊಳಾಕೆ ಚೀಟಿ ಕೊಡ್ತೈತೆ. ಮೊದ್ಲು ಆ ಕೆಲ್ಸ ನಾನು ಕಣ್ಣಿನಿಂದ ಮಾಡ್ತಿದ್ದೆ.

ಹರಿಹರದ ಹತ್ರ ಸಾರಥಿ ಅಂತ ಒಂದು ಊರು, ಡ್ರೈವರ್ರು ಅಲ್ಲಿಯವ. ದಿನಾ ರಾತ್ರಿ ಲಾರಿ ಮನಿ ಮುಂದೆ ನಿಲ್ಸಿ, ಬೆಳಿಗ್ಗೆ ಹರಿಹರದ ಗೋದಾಮಿನಾಗೆ ತುಂಬ್ಕೊಂಡು ದಾವಣಗೆರೆಗೆ ಬರೋನು. ಅವತ್ತು ಅವ್ನ ಅಣ್ಣನ ಟ್ರ್ಯಾಕ್ಟರ್ ಬ್ಯಾಟ್ರಿ ಸತ್ತಿತ್ತು. ಹೊಲ ಹದಕ್ಕೆ ಬಂದೈತೆ, ಅವತ್ತೇ ಹೂಡ್ಬೇಕು. ತಮ್ಮ ತನ್ನ ಲಾರಿ ಬ್ಯಾಟ್ರಿ ಬಿಚ್ಚಿ ಕೊಟ್ಟ. ಲಾರಿನ ಊರ ಮಂದಿ ತಳ್ಳಿ ಚಾಲು ಮಾಡಿದ್ರು. ಬಂದ್ ಮಾಡ್ದೆ ಹರಿಹರಕ್ಕೆ ಹೋಗಿ ತುಂಬ್ಕೊಂಡು ಬಂದೇ ಬಿಟ್ಟ. ಒಂದು ಮಾತು ಅವಂಗೆ ಗೊತ್ತಿರ್ಲಿಲ್ಲ. ಆ ಪೆಟ್ಟಿಗೀನ ಕೂಡ್ಸಿದ ಹುಡುಗ ಬ್ಯಾಟ್ರಿಗೇ ಕಟ್ಟಿದ್ದ.

ಲಾರಿ ನನ್ನ ಮುಂದೆ ಗುಡುಗುಡು ಅಂತ ನಿಂತೈತೆ. ಇಳಿಸಾಕೆ ಚೀಟಿ ಬರ್ಲಿ ಅಂತ ಕಾದ್ವಿ. ಗುಮಾಸ್ತ ಕಂಪ್ಯೂಟ್ರು ನೋಡಿ ಅಂದ, 'ಲಾರಿ ಇನ್ನೂ ಬಂದಿಲ್ಲ.'

'ಇದೇನಲೇ ಮತ್ತೆ, ಎಮ್ಮೆನಾ?'

'ಇರಬಹುದ್ರಿ ಮೇಸ್ತ್ರಿ, ಆದ್ರೆ ಬಂದಿಲ್ಲ. ಸಾರಥ್ಯಾಗೈತೆ.'

ಅಷ್ಟರಾಗೆ ಸಣ್ಣ ಸಾವ್ಕಾರ ಮನ್ಯಾಗೆ ಮೊಬೈಲಿನಾಗೆ ಅದನ್ನೇ ನೋಡಿ ಫೋನು ಮಾಡಿದ. 'ಮೇಸ್ತ್ರಿ! ಲಾರಿ ರಸ್ತೆ ಬಿಟ್ಟು ಹೊಲಕ್ಕೆ ಇಳಿದೈತೆ! ಆ ಬದುವಿನಿಂದ ಈ ಬದುವಿಗೆ, ಈ ಬದುವಿನಿಂದ ಆ ಬದುವಿಗೆ ಓಡ್ಯಾಡಾಕ್ಹತ್ತೈತೆ! ಡ್ರೈವರ್ ಕುಡಿದಾನೇನು?'

'ಲಾರಿ ನನ್ನ ಎದುರಿಗೈತೆ ಸಾವ್ಕಾರ್ರೆ. ಡ್ರೈವರ್ರು ಚಾ ಕುಡ್ಯಾಕ್ಹತ್ಯಾನೆ.'

'ನೀ ನೋಡ್ತಿರೋದು ಬ್ಯಾರೆ ಲಾರಿ. ವಯಸ್ಸಾತು ನಿನಗೆ. ಮ್ಯಾಪು ಸುಳ್ಳು ಹೇಳಲ್ಲ. ನೋಡು, ಮತ್ತೆ ತಿರುಗ್ತು! ಎಷ್ಟು ನೆಟ್ಟಗೆ ಹೋಗ್ತೈತೆ!'

'ಸಾಲು ನೆಟ್ಟಗೆ ಬರ್ಬೇಕಲ್ರಿ' ಅಂತ ಡ್ರೈವರ್ರು ಮೆಲ್ಲಗೆ ಅಂದ. ಆಗ ನಮಗೆಲ್ಲ ಗೊತ್ತಾತು.

ಗೊತ್ತಾದ್ರೇನು? ಕಂಪ್ಯೂಟ್ರಿಗೆ ಗೊತ್ತಾಗ್ಬೇಕಲ್ಲ. ಲಾರಿ ಬಂದ್ ಮಾಡಂಗಿಲ್ಲ, ಬಂದ್ ಮಾಡಿದ್ರೆ ಮತ್ತೆ ತಳ್ಳಬೇಕು. ಇಳಿಸಂಗಿಲ್ಲ, ಚೀಟಿ ಇಲ್ಲ. ಎರಡು ತಾಸು ರಸ್ತ್ಯಾಗೆ ಹೊಗೆ ಬಿಡ್ತಾ ನಿಂತ್ವಿ. ಕಡೀಗೆ ಡ್ರೈವರ್ರು ಅಣ್ಣಂಗೆ ಫೋನು ಹಚ್ಚಿದ:

'ಯಣ್ಣಾ, ಜಲ್ದಿ ಹೂಡಿ ಮುಗ್ಸೋ ಮಾರಾಯ. ನೀ ಇಲ್ಲಿಗೆ ಬರೋತನ ನಾನು ಬಂದಿಲ್ಲಂತೆ.'

ಬಾಣಂತಿ

ಬಂದೇ ಬಿಡ್ತು ಪರೀಕ್ಷೆ ದಿನ. ಸಣ್ಣ ಸಾವ್ಕಾರ ಬೆಳಿಗ್ಗೆ ಇಸ್ತ್ರಿ ಪ್ಯಾಂಟು, ಹೊಸ ಬೂಟು ಹಾಕ್ಕೊಂಡು ಬಂದು ನನ್ನನ್ನ ಬಾಗಿಲ ಹತ್ರ ಒಂದು ಸ್ಟೂಲಿನ ಮ್ಯಾಲೆ ಕೂಡ್ಸಿದ.

'ನೆನಪೈತಲ್ಲ ಮೇಸ್ತ್ರಿ? ಇವತ್ತು ಬಾಯಿ ಬಿಡಂಗಿಲ್ಲ. ಏನೇ ಆಗ್ಲಿ. ಸಂಜೆ ಕೀಲಿ ವಿಷ್ಯ ಮಾತಾಡಣ.'

ನಾನು ಬಾಯಿ ಮ್ಯಾಲೆ ಬೆಳ್ಳಿಟ್ಟುಕೊಂಡು ತೋರಿಸ್ದೆ.

ಆಫೀಸರ್ರು ಬಂದ್ರು. ತೆಳ್ಳಗಿನ ಮನುಷ್ಯ, ನಗೋದು ಗೊತ್ತಿಲ್ಲ. ಕಂಪ್ನಿ ಕಳಿಸಿದ್ದಕ್ಕೆ ಊರೂರಿನ ಗೋದಾಮು ನೋಡಿ ಮುಖ ಹುಳ್ಳಗಾಗಿತ್ತು. ಕನ್ನಡ ಬರ್ತಿತ್ತು, ಹುಬ್ಬಳ್ಳಿಯಾಗೆ ಇದ್ದವ್ರಂತೆ. ಕುಂತ್ರು, ಎಳನೀರು ಬ್ಯಾಡಂದ್ರು. 'ಸೋಪು, ಸಣ್ಣದು, ಎರಡು ಡಬ್ಬಿ' ಅಂದ್ರು. ಮೇಡಮ್ಮ ಗುಂಡಿ ಒತ್ತಿದ್ಲು, ಚೀಟಿ ಬಂತು, ಹಮಾಲ್ರು ಓಡಿ ತಂದ್ರು. ಆಫೀಸರ್ರು ಕೈಗಡಿಯಾರ ನೋಡಿ ಬರ್ಕೊಂಡ್ರು. 'ಚಾಪುಡಿ.' ಬಂತು. 'ಶಾವಿಗಿ.' ಬಂತು. ಸಣ್ಣ ಸಾವ್ಕಾರ ನನ್ನ ಕಡೆ ನೋಡಿ ಸಣ್ಣಗೆ ನಕ್ಕ. ನನ್ನ ಕೈ ತಾನಾಗೇ ಸೊಂಟದ ಕೀಲಿ ಮ್ಯಾಲೆ ಹೋತು. ಸುಳ್ಳು ಯಾಕ ಹೇಳ್ಲಿ, ಕೀಲಿ ತಣ್ಣಗಿತ್ತು, ಕೈ ಬಿಸಿ ಇತ್ತು.

'ಕಡೀದು' ಅಂದ್ರು ಆಫೀಸರ್ರು. 'ಗ್ಲೂಕೋಸು ಬಿಸ್ಕೀಟು. ಒಂದು ಡಬ್ಬಿ.'

ಚೀಟಿ ಬಂತು. ಐದನೇ ಸಾಲು, ಗೋಡೆ ಮೂಲಿ, ನಲವತ್ತು ಡಬ್ಬಿ ಐತೆ ಅಂತಿತ್ತು. ಹಮಾಲ್ರು ಹೋದ್ರು. ಹೋದವ್ರು ಬರಿಗೈಯಾಗೆ ಬಂದು ತಲೆ ಕೆರ್ಕೊಂತ ನಿಂತ್ರು.

'ಯಾಕ್ರಲೇ?' ಅಂದ ಸಣ್ಣ ಸಾವ್ಕಾರ. 'ಡಬ್ಬಿ ಇಲ್ಲೇನು?'

'ಅದಾವ್ರಿ.'

'ಮತ್ತೆ ತರ್ರಿ!'

'ತರಂಗಿಲ್ರಿ.'

ಆಫೀಸರ್ರು ಪೆನ್ನು ಎತ್ತಿದ್ರು. ಮೇಡಮ್ಮ ಪರದೆ ನೋಡಿದ್ಲು. 'ಸರ್, ಸಿಸ್ಟಂ ಪ್ರಕಾರ ನಲವತ್ತು ಡಬ್ಬಿ ಇವೆ, ಯಾವ ತಕರಾರೂ ಇಲ್ಲ.' ಹಮಾಲ್ರು ನನ್ನ ಕಡೆ ನೋಡಿದ್ರು. ಅವ್ರು ನೋಡಿದ್ದಕ್ಕೆ ಎಲ್ಲಾರೂ ನನ್ನ ಕಡೆ ನೋಡಿದ್ರು. ನಾನು ಸ್ಟೂಲಿನ ಮ್ಯಾಲೆ ನೆಟ್ಟಗೆ ಕುಂತು ಸೂರು ನೋಡ್ದೆ.

'ಮೇಸ್ತ್ರಿ, ಏನಿದು?' ಅಂದ ಸಣ್ಣ ಸಾವ್ಕಾರ.

ಬಾಯಿ ಮ್ಯಾಲೆ ಬೆಳ್ಳಿಟ್ಟುಕೊಂಡೆ.

'ಏ, ಹೇಳು ಮಾರಾಯ!'

ತಲೆ ಅಲ್ಲಾಡಿಸ್ದೆ. ಕೊಟ್ಟ ಮಾತು ಮೀರೋ ಮನುಷ್ಯ ಅಲ್ಲ ನಾನು.

'ನಿಮ್ಮ ಕಾಲು ಬೀಳ್ತೀನಿ ಮೇಸ್ತ್ರಿ, ಬಾಯಿ ಬಿಡ್ರಿ!'

ನಲವತ್ತು ವರ್ಷದಾಗೆ ಆ ಮನಿತನದವ್ರು ನನಗೆ 'ನೀವು' ಅಂದಿದ್ದು ಅದೇ ಮೊದ್ಲು. ಬಾಯಿ ಬಿಟ್ಟೆ.

'ಐದನೇ ಸಾಲಿನಾಗೆ ಬಾಣಂತಿ ಅದಾಳೆ.'

ಆಫೀಸರ್ರು ಎದ್ದು ನಿಂತ್ರು. 'ಗೋದಾಮಿನಾಗೆ ಬಾಣಂತಿನಾ? ಯಾರು?'

'ಬರ್ರಿ, ತೋರಿಸ್ತೀನಿ. ಬೂಟು ಸದ್ದು ಮಾಡಬ್ಯಾಡ್ರಿ.'

ಕರ್ಕೊಂಡು ಹೋಗಿ ತೋರಿಸ್ದೆ. ಗ್ಲೂಕೋಸು ಡಬ್ಬಿ ಸಂದ್ಯಾಗೆ ಗೋಣಿಚೀಲದ ಮ್ಯಾಲೆ ನಮ್ಮ ಬೂದು ಬೆಕ್ಕು ಮಲಗಿತ್ತು. ಹೊಟ್ಟಿ ಹತ್ರ ನಾಕು ಮರಿ. ಹುಟ್ಟಿ ಎರಡು ದಿನ ಆಗಿತ್ತು. ಅದು ನಮ್ಮನ್ನ ನೋಡಿ, ಬಂದ್ರಾ, ಆತು ಹೋಗ್ರಿ, ಅನ್ನೋ ಹಂಗೆ ಕಣ್ಣು ಮುಚ್ಚಿತು.

'ನಮ್ಮ ಗೋದಾಮಿನ ಪದ್ಧತಿ ಇದು ಸ್ವಾಮಿ' ಅಂದೆ. 'ಬೆಕ್ಕು ಯಾವ ಸಾಲಿನಾಗೆ ಮರಿ ಹಾಕ್ತೈತೋ ಆ ಸಾಲಿಗೆ ಮರಿ ಕಣ್ಣು ಬಿಡೋತನ ರಜ. ಯಾರೂ ಡಬ್ಬಿ ಮುಟ್ಟಂಗಿಲ್ಲ. ಕೆದಕಿದ್ರೆ ಮರಿ ಕಚ್ಕೊಂಡು ಬ್ಯಾರೆ ಅಂಗ್ಡಿಗೆ ಹೋಗ್ತೈತೆ. ಹೋತು ಅಂದ್ರೆ ಎದುರಂಗಡಿಯವಂಗೆ ಲಾಭ.'

'ಏನು ಲಾಭ?'

'ಇಲಿ ಕಡಿದ ಬಿಸ್ಕೀಟು ಡಬ್ಬಿ ನಮ್ಮಲ್ಲಿಂದ ಎಷ್ಟು ವಾಪಸ್ ಹೋಗ್ಯಾವೆ, ಆ ಕಂಪ್ಯೂಟ್ರನ್ನೇ ಕೇಳ್ರಿ.'

ಮೇಡಮ್ಮ ಓಡಿಹೋಗಿ ನೋಡ್ಕೊಂಡು ಬಂದ್ಲು. 'ಸೊನ್ನೆ, ಸರ್.'

ಆಫೀಸರ್ರು ಪೆನ್ನು ಕೆಳಗಿಳಿಸಿದ್ರು. ಇಲಿ ಕಡಿದ ಡಬ್ಬಿ ನೋಡಿ ನೋಡಿ ಹುಳ್ಳಗಾದ ಮುಖ ಅದು. 'ನಾನು ಇಲ್ಲಿತನ ನೋಡಿದ ಗೋದಾಮಿನಾಗೆ ಸೊನ್ನೆ ಎಲ್ಲೂ ಇಲ್ಲ' ಅಂದ್ರು. ಮೇಡಮ್ಮನ ಕಡೆ ತಿರುಗಿದ್ರು. 'ಹಂಗಾದ್ರೆ ತಪ್ಪು ಹಮಾಲ್ರದಲ್ಲ. ಡಬ್ಬಿ ಕೊಡಾಕೆ ಬರಲ್ಲ ಅನ್ನೋದು ಸಿಸ್ಟಮಿಗೆ ಗೊತ್ತಿರ್ಬೇಕಿತ್ತು. ಅದಕ್ಕೊಂದು ಕಲಂ ಮಾಡ್ರಿ.'

ಆಯಮ್ಮ ಅಲ್ಲೇ ಕುಂತು ಮಾಡಿದ್ಲು. ಮೊದ್ಲು 'ಇದೆ', 'ಇಲ್ಲ', 'ಹಾಳಾಗಿದೆ' ಅಂತ ಮೂರೇ ಇದ್ದವು. ನಾಕನೇದು 'ಬಾಣಂತಿ' ಅಂತ ಹಾಕಿದ್ಲು. ಆಮ್ಯಾಲೆ ತಲೆ ಎತ್ತಿ ಕೇಳಿದ್ಲು, 'ಇದನ್ನ ಹಾಕೋ ಅಧಿಕಾರ, ತೆಗೆಯೋ ಅಧಿಕಾರ ಯಾರಿಗೆ ಕೊಡ್ಲಿ? ಒಬ್ಬರಿಗೇ ಇರ್ಬೇಕು.'

ಹಮಾಲ್ರೆಲ್ಲ ಒಂದೇ ದನಿ: 'ಮೇಸ್ತ್ರಿಗೆ!'

ಏಜೆನ್ಸಿ ನಮಗೇ ಸಿಕ್ತು. ಆಫೀಸರ್ರು ವರದ್ಯಾಗೆ, ಇಲಿ ನಿಯಂತ್ರಣಕ್ಕೆ ಸಂಸ್ಥೆಯಲ್ಲೇ ಕಾಯಂ ಸಿಬ್ಬಂದಿ ಇದ್ದಾರೆ ಅಂತ ಬರೆದ್ರಂತೆ. ಸಂಜೆ ಕೀಲಿ ವಿಷ್ಯ ಯಾರೂ ಎತ್ತಲಿಲ್ಲ. ನಾನೂ ನೆನಪು ಮಾಡಲಿಲ್ಲ. ಗೊಂಚಲು ಸೊಂಟದಾಗೇ ಮನಿಗೆ ಹೋತು, ಬೆಳಿಗ್ಗೆ ಸೊಂಟದಾಗೇ ವಾಪಸ್ ಬಂತು.

ಒಂದು ವಾರ ಬಿಟ್ಟು ಆ ಆಫೀಸರ್ರೇ ಫೋನು ಮಾಡಿದ್ರು. ಎಲ್ಲೋ ಅರ್ಜೆಂಟು, ಆ ನಲವತ್ತು ಗ್ಲೂಕೋಸು ಡಬ್ಬಿ ಇವತ್ತೇ ಕಳಿಸ್ರಿ ಅಂತ. ಸಣ್ಣ ಸಾವ್ಕಾರ ಹುರುಪಿನಾಗೆ ಕಂಪ್ಯೂಟ್ರು ಮುಂದೆ ಕುಂತು ಗುಂಡಿ ಒತ್ತಿದ. ಕೆಂಪು ಅಕ್ಷರ ಬಂತು: 'ಬಾಣಂತಿ. ನಿಮಗೆ ಅಧಿಕಾರವಿಲ್ಲ. ಮೇಸ್ತ್ರಿಯವರನ್ನು ಸಂಪರ್ಕಿಸಿ.'

ಸಂಪರ್ಕಿಸ್ದ. ನಾನು ಎಲೆ ಅಡಿಕೆ ಹಾಕ್ಕೊಂಡು ಕುಂತಿದ್ದೆ.

'ಮೇಸ್ತ್ರಿ, ಬಿಡ್ರಿ ಅದನ್ನ.'

'ಎಲ್ಲಾ ಮರಿ ಕಣ್ಣು ಬಿಡ್ಲಿ, ಬಿಡ್ತೀನಿ.'

'ಬಿಟ್ಟಾವೇನು?'

'ನನಗೆ ಮೊಣಕಾಲು ನೋವು, ಬಗ್ಗಾಕೆ ಆಗಲ್ಲ. ನೀವೇ ನೋಡಿ ಹೇಳ್ರಿ.'

ಹೋದ. ಇಸ್ತ್ರಿ ಪ್ಯಾಂಟಿನಾಗೆ ಐದನೇ ಸಾಲಿನ ಮುಂದೆ ಕುಕ್ಕುರುಗಾಲಾಗೆ ಕುಂತು, ಮೊಬೈಲು ಬೆಳಕು ಬಿಟ್ಟು ಒಂದೊಂದೇ ಮರಿ ಮುಖ ನೋಡಾಕ್ಹತ್ತಿದ. ಬೆಕ್ಕು ಅವನ ಮುಖ ನೋಡಾಕ್ಹತ್ತಿತ್ತು. ಅದೇ ಹೊತ್ತಿಗೆ ಅವನ ಕೈಯಾಗಿನ ಮೊಬೈಲು ಹೊಡಕೊಂತು. ಮತ್ತೆ ಆಫೀಸರ್ರು. ದನಿ ಹೊರಗೆ ಕೇಳ್ತಿತ್ತು: 'ಏನ್ರಿ, ಡಬ್ಬಿ ಹೊರಡ್ತಾವೋ ಇಲ್ಲೋ? ಸಿಸ್ಟಂ ಏನು ಹೇಳ್ತೈತೆ?'

ಎಂ.ಡಿ. ಕುಂತಲ್ಲಿಂದ್ಲೇ, ಬೆಕ್ಕು ಬೆದರಬಾರ್ದು ಅಂತ ಪಿಸುಮಾತಿನಾಗೆ ಅಂದ:

'ಸರ್, ನಾಕರಾಗೆ ಮೂರು ಕಣ್ಣು ಬಿಟ್ಟಾವೆ ಸರ್. ಒಂದು ಪೆಂಡಿಂಗ್ ಐತೆ.'